ಎಷ್ಟು ಹಿಸ್ ಉಳಿಸಬೇಕು?

ಮೈಕ್ ಮುಂದೆ ಕೂತು ‘ಆ’ ಎಂದು ಎರಡು ಸೆಕೆಂಡ್ ಎಳೆಯಿರಿ. ಆಮೇಲೆ ‘ಸ್ಸ್ಸ್’ ಎಂದು ಎರಡು ಸೆಕೆಂಡ್. ಆಮೇಲೆ ಬಾಯಿ ಮುಚ್ಚಿಕೊಂಡು ಇನ್ನೆರಡು ಸೆಕೆಂಡ್ ರೆಕಾರ್ಡ್ ಆಗಲು ಬಿಡಿ. ಈಗ ಆ ಫೈಲನ್ನು ಸ್ಪೆಕ್ಟ್ರೋಗ್ರಾಮ್ ಆಗಿ, ಅಂದರೆ ಯಾವ ಹೊತ್ತಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಚಿತ್ರವಾಗಿ ನೋಡಿ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ಈ ನೋಟ ಸಿಗುತ್ತದೆ. ‘ಆ’ ಇರುವ ಕಡೆ ಒಂದರ ಮೇಲೊಂದು ಅಡ್ಡಗೆರೆಗಳು ಅಚ್ಚುಕಟ್ಟಾಗಿ ಕಾಣುತ್ತವೆ. ‘ಸ’ ಇರುವ ಕಡೆ ಗೆರೆಯೇ ಇಲ್ಲ, ಮೇಲ್ಭಾಗದಲ್ಲಿ ಬರೀ ಚುಕ್ಕೆಗಳ ಹರವು. ಬಾಯಿ ಮುಚ್ಚಿದ್ದ ಕಡೆಯೂ ಚುಕ್ಕೆಗಳ ಹರವೇ, ತುಂಬ ಮಸುಕು ಅಷ್ಟೆ.

ಅಂದರೆ ನಮ್ಮ ‘ಸ’ ಮತ್ತು ರೆಕಾರ್ಡಿಂಗ್‌ನ ಹಿಂದೆ ‘ಸುಯ್’ ಎನ್ನುತ್ತಿರುವ ಹಿಸ್ ಒಂದೇ ಜಾತಿಯ ಸದ್ದುಗಳು. ಒಂದು ನಾಲಿಗೆ ಮತ್ತು ಹಲ್ಲಿನ ಸಂದಿಯಲ್ಲಿ ಗಾಳಿ ನುಗ್ಗಿ ಹುಟ್ಟಿದ್ದು, ಇನ್ನೊಂದು ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಅಡ್ಡಾದಿಡ್ಡಿ ಓಡಾಡಿ ಹುಟ್ಟಿದ್ದು. ಕಂಪ್ಯೂಟರಿಗೆ ಮಾತ್ರ ಎರಡೂ ಗೊತ್ತುಗುರಿಯಿಲ್ಲದ ಸದ್ದು. ಹಿಸ್ ತೆಗೆದುಕೊಡುತ್ತೇನೆ ಎನ್ನುವ ಯಾವ ಸಾಧನವೇ ಆಗಲಿ, ಮೊದಲು ದಾಟಬೇಕಾದ ತೊಡಕು ಇದು. ಎಷ್ಟೋ ಸಲ ದಾಟುವುದಿಲ್ಲ.

ಮಾತಿನ ರೆಕಾರ್ಡಿಂಗ್ ತೊಳೆಯುವ ಕೆಲಸವನ್ನು ನಾನು ಹವ್ಯಾಸಕ್ಕೆ ಅಂತ ಹಿಡಿದುಕೊಂಡವನು. ಕಥೆ ಓದಿದ್ದು, ಸಂದರ್ಶನ, ಹಳೆಯ ಕ್ಯಾಸೆಟ್‌ನಲ್ಲಿ ಉಳಿದಿರುವ ದನಿ, ಹೀಗೆ ಏನಾದರೂ ಬರುತ್ತಲೇ ಇರುತ್ತದೆ. ಎಲ್ಲರೂ ಕೇಳುವುದು ಒಂದೇ, ‘ಈ ಸುಯ್ ಅನ್ನೋದನ್ನ ಪೂರ್ತಿ ತೆಗೆದುಬಿಡಿ’. ಆ ‘ಪೂರ್ತಿ’ಯ ಜೊತೆಗೇ ನನ್ನ ಜಗಳ. ಎಷ್ಟು ತೆಗೆಯಬಹುದು ಎಂದು ನೋಡುವ ಮೊದಲು ಎಷ್ಟು ಉಳಿಸಬೇಕು ಎಂದು ಗೊತ್ತುಮಾಡಿಕೊಳ್ಳಬೇಕು ಅಂತ ನನ್ನ ಅನಿಸಿಕೆ. ಈ ಬರಹ ಅದರ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಗುಂಯ್’ ಎನ್ನುವ ಸದ್ದು ಬೇರೆ, ‘ಸುಯ್’ ಎನ್ನುವುದು ಬೇರೆ. ಗುಂಯ್ ಅನ್ನುವುದು ಹೆಚ್ಚಾಗಿ ಕರೆಂಟಿನದು. 50 ಹರ್ಟ್ಸ್ ಇರುವ ದೇಶಗಳಲ್ಲಿ 50, 100, 150 ಹೀಗೆ, 60 ಇರುವ ಕಡೆ 60, 120, 180 ಹೀಗೆ ಲೆಕ್ಕ ಹಾಕಿದ ಜಾಗಗಳಲ್ಲೇ ಕೂತಿರುತ್ತದೆ. ಕೂತ ಜಾಗ ಗೊತ್ತಿರುವುದರಿಂದ ತೆಗೆಯುವುದೂ ಸುಲಭ. ಹಿಸ್ ಹಾಗಲ್ಲ. ಅದು ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಹರಡಿಕೊಂಡಿರುತ್ತದೆ, ಮಾತು ಇರುವ ಜಾಗದಲ್ಲೂ. ಕೆಳಗಿನ ಸದ್ದು ಕತ್ತರಿಸುವ ಹೈ-ಪಾಸ್ ಫಿಲ್ಟರ್ ಹಾಕಿ ‘ಹಿಸ್ ಹೋಗಲಿಲ್ಲ’ ಎನ್ನುವವರಿದ್ದಾರೆ. ಹೋಗುವುದಿಲ್ಲ, ಅದರ ಕೆಲಸ ಅದಲ್ಲ.

ಹಿಸ್ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಹಳೆಯ ಉತ್ತರ ಒಂದಿದೆ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಜಾನ್ಸನ್ ಯಾವ ರೆಸಿಸ್ಟರ್ ತೆಗೆದುಕೊಂಡರೂ ಅದರ ತುದಿಗಳಲ್ಲಿ ಸಣ್ಣ ವೋಲ್ಟೇಜ್ ಒಂದು ಸುಮ್ನೆ ಕುಣಿಯುತ್ತಲೇ ಇರುತ್ತದೆ ಎಂದು ಅಳೆದು ತೋರಿಸಿದರು. ಅಲ್ಲೇ ಕೆಲಸ ಮಾಡುತ್ತಿದ್ದ ಹ್ಯಾರಿ ನೈಕ್ವಿಸ್ಟ್ ಅದು ಯಾಕೆ ಎಂದು ವಿವರಿಸಿದರು. ಇಬ್ಬರ ಬರಹಗಳೂ 1928ರಲ್ಲಿ ಪ್ರಕಟವಾದವು. ಇಬ್ಬರೂ ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು ಎನ್ನುವುದು ಈ ವಿಷಯಕ್ಕೆ ಏನೂ ಸಂಬಂಧವಿಲ್ಲದ, ಆದರೆ ನನಗೆ ಇಷ್ಟವಾದ ಸಂಗತಿ. ಕಾರಣ ಬಿಸಿ. ವಸ್ತು ಸೊನ್ನೆ ಕೆಲ್ವಿನ್‌ಗಿಂತ ಬೆಚ್ಚಗಿದ್ದರೆ ಸಾಕು, ಒಳಗಿನ ಎಲೆಕ್ಟ್ರಾನ್‌ಗಳು ಸುಮ್ಮನೆ ಕೂರುವುದಿಲ್ಲ. ಎಷ್ಟು ದುಬಾರಿ ಉಪಕರಣ ತಂದರೂ ಇದು ತಪ್ಪುವುದಿಲ್ಲ.

ಇದನ್ನು ಲೆಕ್ಕದಲ್ಲಿ ನೋಡಿದರೆ ವಿಷಯ ಬೇಗ ಮನಸ್ಸಿಗೆ ಹತ್ತುತ್ತದೆ. ಮಾಮೂಲಿ ಡೈನಾಮಿಕ್ ಮೈಕಿನ ರೆಸಿಸ್ಟನ್ಸ್ 150 ಓಮ್ ಅಂತಿಟ್ಟುಕೊಳ್ಳಿ. ಕೋಣೆಯ ಬಿಸಿಯಲ್ಲಿ, ಕಿವಿಗೆ ಕೇಳುವ 20,000 ಹರ್ಟ್ಸ್ ಅಗಲದಲ್ಲಿ ಅದರ ಹಿಸ್ ಸುಮಾರು 0.22 ಮೈಕ್ರೋವೋಲ್ಟ್. ಈಗ ಮಾತು. ಒಂದು ಮೀಟರ್ ದೂರದಿಂದ ಸಹಜವಾಗಿ ಆಡಿದ ಮಾತು ಹತ್ತಿರಹತ್ತಿರ 60 ಡೆಸಿಬೆಲ್. ಕಡಿಮೆ ಸೂಕ್ಷ್ಮತೆಯ ಡೈನಾಮಿಕ್ ಮೈಕಿನಲ್ಲಿ ಇದರಿಂದ ಹುಟ್ಟುವುದು 20 ಮೈಕ್ರೋವೋಲ್ಟ್ ಆಸುಪಾಸು. ಅಂದರೆ ಮಾತು ಹಿಸ್‌ಗಿಂತ ನೂರು ಪಟ್ಟು ದೊಡ್ಡದು. ಡೆಸಿಬೆಲ್‌ನಲ್ಲಿ ಹೇಳಿದರೆ 40 ಜಾಸ್ತಿ. ಕೇಳಲು ದೊಡ್ಡದು ಅನ್ನಿಸುತ್ತದೆ, ಆದರೆ ಹೆಡ್‌ಫೋನ್ ಹಾಕಿದ ಕಿವಿಗೆ ಆ ಹಿಸ್ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅದೇ ಮೈಕನ್ನು ಬಾಯಿಂದ 10 ಸೆಂಟಿಮೀಟರ್‌ಗೆ ತನ್ನಿ. ಮಾತು 80 ಡೆಸಿಬೆಲ್ ಹತ್ತಿರ ಹೋಗುತ್ತದೆ, ಅಂತರ 60 ಆಗುತ್ತದೆ. ಹಿಸ್ ಇದ್ದಲ್ಲೇ ಇದೆ. ಮಾತು ಹತ್ತು ಪಟ್ಟು ಬೆಳೆದಿದೆ. ಯಾವ ಸಾಫ್ಟ್‌ವೇರೂ ಮುಟ್ಟದೆ 20 ಡೆಸಿಬೆಲ್ ಲಾಭ.

ಈ 20 ಡೆಸಿಬೆಲ್‌ಗೆ ಹೋಲಿಸಿದರೆ ಆಮೇಲೆ ಮಾಡುವ ಯಾವ ಚಮತ್ಕಾರವೂ ಚಿಕ್ಕದು. ದೂರ ಅರ್ಧ ಮಾಡಿದಾಗೆಲ್ಲ ನೇರವಾಗಿ ಬರುವ ಮಾತು 6 ಡೆಸಿಬೆಲ್ ಏರುತ್ತದೆ. 60 ಸೆಂಟಿಮೀಟರ್‌ನಿಂದ 30ಕ್ಕೆ ಬಂದರೆ 6, 15ಕ್ಕೆ ಬಂದರೆ 12. ಕೋಣೆಯ ಸದ್ದು, ಪ್ರತಿಧ್ವನಿ, ಮೈಕಿನ ಹಿಸ್ ಎಲ್ಲವೂ ಒಟ್ಟಿಗೆ ಹಿಂದೆ ಉಳಿಯುತ್ತವೆ. ಹತ್ತಿರ ಬಂದರೆ ತೊಂದರೆಯೂ ಇದೆ. ‘ಪ’, ‘ಬ’, ‘ಭ’ಗಳ ಗಾಳಿ ಮೈಕಿಗೆ ಬಡಿಯುತ್ತದೆ. ಒಂದೇ ದಿಕ್ಕಿನಿಂದ ಕೇಳುವ ಮೈಕುಗಳಲ್ಲಿ ದನಿ ದಪ್ಪಗಾಗುತ್ತದೆ. ಮೊದಲನೆಯದಕ್ಕೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ತುಸು ಪಕ್ಕಕ್ಕೆ ಇಡಬಹುದು. ಎರಡನೆಯದನ್ನು ಈಕ್ವಲೈಜರ್‌ನಲ್ಲಿ ತಗ್ಗಿಸಬಹುದು. ಎರಡೂ ಹಿಸ್ ತೆಗೆಯುವುದಕ್ಕಿಂತ ಸುಲಭದ ಕೆಲಸ.

ಇಷ್ಟು ಹೇಳಿದರೂ ಜನ ಕೇಳುವ ಮುಂದಿನ ಪ್ರಶ್ನೆ ‘ಯಾವ ಮೈಕ್ ತಗೊಳ್ಳಲಿ?’ ಅಲ್ವಾ. ಕಂಡೆನ್ಸರ್ ಮೈಕುಗಳ ಪೆಟ್ಟಿಗೆಯ ಮೇಲೆ ಸೆಲ್ಫ್-ನಾಯ್ಸ್ ಅಂತ ಒಂದು ಅಂಕಿ ಬರೆದಿರುತ್ತಾರೆ. ಮೈಕು ತಾನೇ ಮಾಡುವ ಸದ್ದು ಅದು. ದೊಡ್ಡ ಡಯಾಫ್ರಮ್ (ಸದ್ದಿಗೆ ನಡುಗುವ ತೆಳು ಪೊರೆ) ಇರುವ ಒಳ್ಳೆಯ ಮೈಕುಗಳಲ್ಲಿ ಅದು 15 ಡೆಸಿಬೆಲ್‌ಗಿಂತ ಕಡಿಮೆ. ಫೋನಿನಲ್ಲಿರುವ ಪುಟಾಣಿ ಮೈಕುಗಳಲ್ಲಿ ಅದು ಹೆಚ್ಚಾಗಿ 25ರಿಂದ 35ರ ನಡುವೆ. ಸರಿ. ಆದರೆ ರಾತ್ರಿ ಹೊತ್ತಿನ ಒಂದು ನಿಶ್ಶಬ್ದ ಮಲಗುವ ಕೋಣೆಯೇ ಸುಮಾರು 30 ಡೆಸಿಬೆಲ್ ಇರುತ್ತದೆ. ಅಂಥ ಕೋಣೆಯಲ್ಲಿ 15ರ ಮೈಕು ತೆಗೆದು 5ರ ಮೈಕು ಇಟ್ಟರೆ ಏನೂ ಬದಲಾಗುವುದಿಲ್ಲ. ಎರಡು ಸದ್ದುಗಳು ಸೇರಿದಾಗ ದೊಡ್ಡದೇ ಗೆಲ್ಲುತ್ತದೆ. 10 ಡೆಸಿಬೆಲ್ ಕಡಿಮೆ ಇರುವ ಸದ್ದು ಒಟ್ಟು ಮೊತ್ತಕ್ಕೆ ಅರ್ಧ ಡೆಸಿಬೆಲ್ ಕೂಡ ಸೇರಿಸುವುದಿಲ್ಲ. ಹಾಗಾಗಿ ದೊಡ್ಡ ಸದ್ದು ಯಾವುದು ಎಂದು ಮೊದಲು ಕಂಡುಹಿಡಿಯಬೇಕು. ಎರಡನೆಯದನ್ನು ಸರಿಮಾಡಿ ಪ್ರಯೋಜನವಿಲ್ಲ.

ಕಂಡುಹಿಡಿಯುವುದು ಕಷ್ಟವಲ್ಲ. ಏನೂ ಇಲ್ಲದ ಖಾಲಿ ಆಡಿಯೋ ಫೈಲ್ ಮಾಡಿ ಅದನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಅದರಲ್ಲೂ ಸುಯ್ ಎಂದರೆ ದೋಷ ರೆಕಾರ್ಡಿಂಗ್‌ನದಲ್ಲ, ಹೆಡ್‌ಫೋನ್ ಚುಚ್ಚಿರುವ ಜಾಗದ್ದು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕಥೆ. ಅದು ಸರಿಯಿದ್ದರೆ ಮೈಕನ್ನು ದಪ್ಪ ಹೊದಿಕೆಗಳಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟು, ಗೇನ್ (ಮೈಕಿನ ಸದ್ದನ್ನು ಎಷ್ಟು ದೊಡ್ಡದು ಮಾಡಬೇಕು ಎನ್ನುವ ಮಟ್ಟ) ಬದಲಾಯಿಸದೆ ರೆಕಾರ್ಡ್ ಮಾಡಿ. ಸದ್ದು ಬಹಳ ಇಳಿದರೆ ಅಪರಾಧಿ ಕೋಣೆ. ಫ್ಯಾನು, ಕಂಪ್ಯೂಟರಿನ ಫ್ಯಾನು, ಕಿಟಕಿಯಾಚೆಯ ರಸ್ತೆ, ಇವು ದೂರದಿಂದ ಕೇಳಿದಾಗ ಹಿಸ್‌ನಂತೆಯೇ ಇರುತ್ತವೆ. ಸದ್ದು ಇಳಿಯದಿದ್ದರೆ ಅಪರಾಧಿ ಮೈಕು ಅಥವಾ ಅದರ ಪ್ರಿಆಂಪ್, ಅಂದರೆ ಮೈಕಿನ ಸಣ್ಣ ವೋಲ್ಟೇಜನ್ನು ಮೊದಲು ದೊಡ್ಡದು ಮಾಡುವ ಭಾಗ.

ಗೇನ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ‘ಗೇನ್ ಜಾಸ್ತಿ ಮಾಡಿದರೆ ಹಿಸ್ ಬರುತ್ತೆ, ಅದಕ್ಕೇ ಕಡಿಮೆ ಇಟ್ಟು ಆಮೇಲೆ ಜೋರು ಮಾಡ್ತೀನಿ’ ಅನ್ನುತ್ತಾರೆ. ಆಮೇಲೆ ಜೋರು ಮಾಡಿದಾಗ ಮಾತಿನ ಜೊತೆ ಹಿಸ್ ಕೂಡ ಅಷ್ಟೇ ಏರುತ್ತದೆ. ಜೊತೆಗೆ ಪ್ರಿಆಂಪ್ ಆದಮೇಲಿನ ಹಂತಗಳ ಸದ್ದೂ ಏರುತ್ತದೆ. ಸರಪಳಿಯ ಮೊದಲ ಹಂತದಲ್ಲೇ ಮಾತನ್ನು ದೊಡ್ಡದು ಮಾಡಿದರೆ ಮುಂದಿನ ಹಂತಗಳ ಸದ್ದು ಅದರ ಮುಂದೆ ಸಣ್ಣದಾಗುತ್ತದೆ. ರೆಕಾರ್ಡಿಂಗ್ ಮೀಟರಿನಲ್ಲಿ ಸೊನ್ನೆ ಅಂದರೆ ಹಿಡಿಸುವ ಗರಿಷ್ಠ ಮಟ್ಟ, ಉಳಿದದ್ದೆಲ್ಲ ಅದರ ಕೆಳಗೆ ಮೈನಸ್‌ನಲ್ಲಿ; ಮಾತಿನ ತುದಿಗಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರುವಂತೆ ಇಟ್ಟುಕೊಂಡರೆ ಸಾಕು. ಕ್ಯಾಮೆರಾದಲ್ಲಿ ಮಾತ್ರ ಇದನ್ನು ತಿರುಗಿಸಿ ಯೋಚಿಸಬೇಕಾಗುತ್ತದೆ. ಬಹಳ ಕ್ಯಾಮೆರಾಗಳ ಒಳಗಿನ ಪ್ರಿಆಂಪ್ ಹಿಸ್‌ನ ಗೂಡು. ಹೊರಗಿನ ರೆಕಾರ್ಡರ್ ಅಥವಾ ಪ್ರಿಆಂಪ್‌ನಲ್ಲಿ ಮಾತನ್ನು ಜೋರು ಮಾಡಿ, ಕ್ಯಾಮೆರಾದ ಗೇನ್ ತೀರ ಕೆಳಗಿಡುವುದು ಅಲ್ಲಿ ನಡೆಯುವ ಉಪಾಯ.

ಇನ್ನು ಆಟೋ ಗೇನ್. ಇದನ್ನು ಆಫ್ ಮಾಡಿ. ಮಾತು ನಿಂತ ಕೂಡಲೇ ಉಪಕರಣ ‘ಅಯ್ಯೋ, ಸದ್ದೇ ಇಲ್ಲ’ ಎಂದು ಗೇನ್ ಏರಿಸುತ್ತದೆ, ಹಿಸ್ ಮೇಲೆದ್ದು ಬರುತ್ತದೆ, ಮಾತು ಶುರುವಾದೊಡನೆ ಮತ್ತೆ ಇಳಿಯುತ್ತದೆ. ಕೇಳಲು ಹಿಂಸೆ ಅನ್ನುವುದು ಒಂದು ಕಡೆ. ಇಂಥ ಫೈಲನ್ನು ತೊಳೆಯುವುದು ಇನ್ನೂ ಕಷ್ಟ, ಯಾಕೆಂದರೆ ಮುಂದೆ ಹೇಳುವ ಹೆಚ್ಚಿನ ಸಾಧನಗಳು ಹಿಸ್ ಒಂದೇ ಮಟ್ಟದಲ್ಲಿದೆ ಎಂದು ನಂಬಿಕೊಂಡು ಕೆಲಸ ಮಾಡುತ್ತವೆ.

ಹಿಸ್ ವಿರುದ್ಧದ ಹಳೆಯ ಗೆಲುವುಗಳನ್ನು ನೋಡಿದರೂ ಇದೇ ಪಾಠ. ಟೇಪಿನಲ್ಲಿ ಮ್ಯಾಗ್ನೆಟಿಕ್ ಕಣಗಳೇ ಹಿಸ್ ಮಾಡುತ್ತವೆ. ಕ್ಯಾಸೆಟ್ ಟೇಪ್ ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಓಡುವುದಿಲ್ಲ, ಅದರ ಮೇಲಿನ ಗುರುತೂ ತುಂಬ ತೆಳ್ಳಗೆ, ಹಾಗಾಗಿ ಅಲ್ಲಿ ತೊಂದರೆ ಜಾಸ್ತಿ. ರೇ ಡಾಲ್ಬಿ 1965ರಲ್ಲಿ ಕಂಪನಿ ಕಟ್ಟಿದ್ದೇ ಈ ಹಿಸ್ ಇಟ್ಟುಕೊಂಡು. 1968ರಲ್ಲಿ ಬಂದ ಡಾಲ್ಬಿ-ಬಿ ಏನು ಮಾಡುತ್ತಿತ್ತು ಅಂದರೆ, ರೆಕಾರ್ಡ್ ಮಾಡುವಾಗ ಮೆಲ್ಲಗಿರುವ ತೀಕ್ಷ್ಣ ಸದ್ದುಗಳನ್ನು 10 ಡೆಸಿಬೆಲ್‌ವರೆಗೆ ಎತ್ತಿ ಟೇಪಿಗೆ ಬರೆಯುತ್ತಿತ್ತು. ಕೇಳುವಾಗ ಅಷ್ಟನ್ನೇ ಇಳಿಸುತ್ತಿತ್ತು. ಮಾತು ಮೊದಲಿನಂತಾಗುತ್ತದೆ, ನಡುವೆ ಸೇರಿಕೊಂಡ ಟೇಪಿನ ಹಿಸ್ ಮಾತ್ರ 10 ಡೆಸಿಬೆಲ್ ಕೆಳಗೆ ಹೋಗುತ್ತದೆ. ಹಿಸ್ ಸೇರುವ ಮೊದಲೇ ಮಾತನ್ನು ತಯಾರು ಮಾಡಿದ್ದರಿಂದ ಇದು ಸಾಧ್ಯವಾಯಿತು. ಸೇರಿದ ಮೇಲೆ ಬೇರ್ಪಡಿಸುವುದು ಡಾಲ್ಬಿಯ ಕೈಲೂ ಆಗುತ್ತಿರಲಿಲ್ಲ.

ಹಳೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವವರು ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ ಟೇಪನ್ನು ಡಾಲ್ಬಿ ಇಲ್ಲದೆ ನುಡಿಸಿದರೆ ದನಿ ಚುರುಚುರು ಅನ್ನುತ್ತದೆ, ಹಿಸ್ ಕೂಡ ಪೂರ್ತಿ ಬರುತ್ತದೆ. ಇನ್ನೊಂದು, ಪ್ಲೇಯರಿನ ಹೆಡ್ ಟೇಪಿಗೆ ಸರಿಯಾದ ಕೋನದಲ್ಲಿ ಇಲ್ಲದಿದ್ದರೆ ದನಿಯ ತೀಕ್ಷ್ಣ ಭಾಗ ಮಂಕಾಗುತ್ತದೆ, ಹಿಸ್ ಮಂಕಾಗುವುದಿಲ್ಲ. ಹೆಡ್ ಪಕ್ಕದ ಒಂದು ಸಣ್ಣ ಸ್ಕ್ರೂ ತಿರುಗಿಸಿದರೆ ಸಿಗುವ ಸ್ಪಷ್ಟತೆಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಕೊಡಲಾರದು.

ಸರಿ, ರೆಕಾರ್ಡಿಂಗ್ ಮುಗಿದುಹೋಗಿದೆ, ಹಿಸ್ ಒಳಗಿದೆ. ಈಗೇನು?

ಈಗ ಬಳಸುವ ನಾಯ್ಸ್ ರಿಡಕ್ಷನ್ ಸಾಧನಗಳ ಅಡಿಯಲ್ಲಿರುವ ಮುಖ್ಯ ಉಪಾಯವನ್ನು ಮಾತಿಗೆ ಹೊಂದಿಸಿ 1979ರಲ್ಲಿ ಬರೆದವರು ಸ್ಟೀವನ್ ಬಾಲ್. ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ಅಂತ ಹೆಸರು. ಯಾರೂ ಮಾತಾಡದ ಒಂದು ತುಂಡನ್ನು ತೋರಿಸಿದರೆ ಪ್ರತಿ ಫ್ರೀಕ್ವೆನ್ಸಿಯಲ್ಲೂ ಹಿಸ್ ಸರಾಸರಿ ಎಷ್ಟಿದೆ ಎಂದು ಅದು ಕಲಿಯುತ್ತದೆ. ಆಮೇಲೆ ಇಡೀ ರೆಕಾರ್ಡಿಂಗನ್ನು ಸೆಕೆಂಡಿನ ಸಣ್ಣಸಣ್ಣ ಚೂರುಗಳಾಗಿ ಮಾಡುತ್ತದೆ. ಒಂದೊಂದು ಚೂರಿನ ಒಂದೊಂದು ಫ್ರೀಕ್ವೆನ್ಸಿಯಿಂದಲೂ ಆ ಸರಾಸರಿಯನ್ನು ಕಳೆಯುತ್ತದೆ. ಕೇಳಲು ಸರಳ. ತೊಡಕು ‘ಸರಾಸರಿ’ಯಲ್ಲಿದೆ. ಹಿಸ್ ಪ್ರತಿ ಕ್ಷಣ ಸರಾಸರಿಗಿಂತ ಸ್ವಲ್ಪ ಮೇಲೋ ಕೆಳಗೋ ಇರುತ್ತದೆ. ಕೆಳಗಿದ್ದಾಗ ಕಳೆದರೆ ಸೊನ್ನೆ. ಮೇಲಿದ್ದಾಗ ಕಳೆದರೆ ಒಂದು ಸಣ್ಣ ಚೂಪು ಉಳಿದುಬಿಡುತ್ತದೆ. ಹೀಗೆ ಅಲ್ಲೊಂದು ಇಲ್ಲೊಂದು ಉಳಿದ ಚೂಪುಗಳು ಕ್ಷಣಕ್ಕೊಂದು ಸ್ವರವಾಗಿ ಮಿನುಗಿ ಮಾಯವಾಗುತ್ತವೆ. ನೀರಿನೊಳಗೆ ಕೂತು ಮಾತಾಡಿದಂತೆ ಕೇಳುವ, ‘ಕ್ಲಿಂಗ್ ಕ್ಲಿಂಗ್’ ಎನ್ನುವ ಆ ವಿಚಿತ್ರ ಸದ್ದು ಇದೇ. ಈ ಕ್ಷೇತ್ರದವರು ಇದನ್ನು ಮ್ಯೂಸಿಕಲ್ ನಾಯ್ಸ್ ಎನ್ನುತ್ತಾರೆ. ಸಂಗೀತದ ಸುಖ ಏನೂ ಇಲ್ಲ ಅದರಲ್ಲಿ.

ಇದು ಹಿಸ್‌ಗಿಂತ ಕೆಟ್ಟದ್ದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಒಂದೇ ಸಮನೆ ಇರುವ ಹಿಸ್‌ಗೆ ಕಿವಿ ಬೇಗ ಒಗ್ಗಿಕೊಳ್ಳುತ್ತದೆ. ಕೆಲವು ನಿಮಿಷ ಕೇಳಿದ ಮೇಲೆ ಗಮನಕ್ಕೇ ಬರುವುದಿಲ್ಲ. ಬದಲಾಗುತ್ತಲೇ ಇರುವ ಸದ್ದಿಗೆ ಕಿವಿ ಒಗ್ಗುವುದಿಲ್ಲ. ಸಣ್ಣದಿದ್ದರೂ ಸರಿ, ಪ್ರತಿ ಸಲ ತಿರುಗಿ ನೋಡುತ್ತದೆ. ಜೊತೆಗೆ ಅದು ಮಾತಿನ ಅಂಚಿಗೇ ಅಂಟಿಕೊಂಡಿರುತ್ತದೆ. ಕಲೆ ಹೋಗಲಿ ಅಂತ ಉಜ್ಜಿ ಉಜ್ಜಿ ಬಟ್ಟೆಯ ಬಣ್ಣವನ್ನೇ ಎಬ್ಬಿಸಿದ ಹಾಗೆ.

ಆಡಾಸಿಟಿಯ ನಾಯ್ಸ್ ರಿಡಕ್ಷನ್‌ನಲ್ಲಿ ‘ರೆಸಿಡ್ಯೂ’ ಅಂತ ಒಂದು ಆಯ್ಕೆ ಇದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಅದನ್ನು ಒತ್ತಿದರೆ ಏನು ಉಳಿಯುತ್ತದೆ ಎನ್ನುವ ಬದಲು ಏನು ಹೋಗುತ್ತದೆ ಎಂದು ಕೇಳಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಬಟನ್ ಇನ್ನೊಂದಿಲ್ಲ. ತೆಗೆದದ್ದರಲ್ಲಿ ಬರೀ ಸುಯ್ ಇದ್ದರೆ ಸರಿ. ಅದರೊಳಗಿಂದ ಯಾರೋ ಪಿಸುಗುಟ್ಟಿದಂತೆ ಮಾತು ಕೇಳಿಸಿದರೆ, ಶಬ್ದಗಳನ್ನು ಗುರುತಿಸಲು ಆಗುವಂತಿದ್ದರೆ, ನೀವು ದನಿಯನ್ನೇ ಕತ್ತರಿಸುತ್ತಿದ್ದೀರಿ. ಒಂದೇ ಸಲಕ್ಕೆ 20 ಡೆಸಿಬೆಲ್ ತೆಗೆಯಲು ಹೊರಟರೆ ಈ ಪಿಸುಗು ಬಂದೇ ಬರುತ್ತದೆ. ಮಾತಿಗೆ ನಾನು ಸಾಮಾನ್ಯವಾಗಿ 6ರಿಂದ 10ರಲ್ಲಿ ನಿಲ್ಲಿಸುತ್ತೇನೆ.

ಆ ಪಿಸುಗಿನಲ್ಲಿ ಏನು ಹೋಗುತ್ತದೆ ಎಂದು ಕಿವಿಗೊಟ್ಟು ಕೇಳಿ. ‘ಸ’ ಜೋರಾದ ಸದ್ದು, ಹೇಗೋ ಬಚಾವಾಗುತ್ತದೆ. ಮೊದಲು ಹೋಗುವುದು ‘ಹ’. ಅದು ಬರೀ ಉಸಿರು, ಮೆಲ್ಲಗಿನ ಹಿಸ್. ಆಮೇಲೆ ‘ಫೋನ್’, ‘ಆಫೀಸ್’ಗಳಲ್ಲಿ ಬರುವ ತುಟಿಹಲ್ಲಿನ ‘ಫ’. ಆಮೇಲೆ ‘ಖ’, ‘ಥ’ಗಳ ಬೆನ್ನಿಗಿರುವ ಗಾಳಿ. ಕಷ್ಟಪಟ್ಟು ಮಹಾಪ್ರಾಣ ಬಿಡದೆ ಓದಿದವರ ರೆಕಾರ್ಡಿಂಗ್ ಜಾಸ್ತಿ ತೊಳೆದರೆ ‘ಕಥೆ’ ಹೋಗಿ ‘ಕತೆ’ ಆಗಿರುತ್ತದೆ. ‘ಶ’ ಮತ್ತು ‘ಷ’ದ ನಡುವಿನ ವ್ಯತ್ಯಾಸ ಮೊದಲೇ ಸೂಕ್ಷ್ಮ, ಅದೂ ಉಳಿಯುವುದಿಲ್ಲ. ಇನ್ನೊಂದು ಹೋಗುವುದು ದನಿಯ ಒರಟು. ವಯಸ್ಸಾದವರ ದನಿಯಲ್ಲಿ ಉಸಿರು ಬೆರೆತಿರುತ್ತದೆ. ಆ ಉಸಿರೂ ಹಿಸ್ ಜಾತಿಯದೇ. ಅದು ಹೋದರೆ ದನಿ ನಯವಾಗುತ್ತದೆ, ಯಾರದೋ ಆಗುತ್ತದೆ.

ನಾಯ್ಸ್ ಗೇಟ್ ಇನ್ನೊಂದು ದಾರಿ. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬಾಗಿಲು ಮುಚ್ಚು, ಏರಿದರೆ ತೆರೆ, ಅಷ್ಟೇ. ಮಾತು ನಡೆಯುವಾಗ ಅದು ಹಿಸ್‌ಗೆ ಏನೂ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ, ಮಾತಿನ ಜೋರಿನಲ್ಲಿ ಹಿಸ್ ಅಡಗಿರುತ್ತದೆ. ನಮಗೆ ಹಿಸ್ ಕೇಳುವುದು ಮಾತಿನ ನಡುವಿನ ಬಿಡುವಿನಲ್ಲಿ. ಆ ಬಿಡುವನ್ನು ಪೂರ್ತಿ ಖಾಲಿ ಮಾಡಿದರೆ ಗೆದ್ದೆವು ಅನ್ನಿಸುತ್ತದೆ. ಆದರೆ ಈಗ ಪ್ರತಿ ಮಾತಿನ ಜೊತೆಗೂ ಹಿಸ್ ಬರುತ್ತದೆ, ಮಾತಿನ ಜೊತೆಗೇ ಹೋಗುತ್ತದೆ. ಮೊದಲು ಗಮನಕ್ಕೆ ಬಾರದಿದ್ದದ್ದು ಈಗ ಎದ್ದು ಕಾಣುತ್ತದೆ. ಫೋನ್ ಎಂಜಿನಿಯರುಗಳು ಇದನ್ನು ಎಂದೋ ಕಂಡುಕೊಂಡರು. ಡಿಜಿಟಲ್ ಕರೆಗಳಲ್ಲಿ ಎದುರಿನವರು ಮಾತಾಡದಾಗ ಏನೂ ಕಳಿಸದೆ ಇದ್ದರೆ ಲೈನ್ ಕಟ್ ಆಯಿತು ಎಂದು ಜನ ‘ಹಲೋ ಹಲೋ’ ಶುರುಮಾಡುತ್ತಾರೆ. ಅದಕ್ಕೇ ಕೇಳುವವರ ಕಡೆಯಲ್ಲಿ ಬೇಕೆಂದೇ ಸಣ್ಣ ಹಿಸ್ ಹುಟ್ಟಿಸಿ ತುಂಬುತ್ತಾರೆ. ಕಂಫರ್ಟ್ ನಾಯ್ಸ್ ಎಂದೇ ಅದರ ಹೆಸರು.

ಕನ್ನಡಕ್ಕೆ ಗೇಟ್‌ನಿಂದ ಇನ್ನೊಂದು ತೊಂದರೆ ಇದೆ. ನಮ್ಮ ವಾಕ್ಯದ ಮುಖ್ಯ ಸುದ್ದಿ ಕೊನೆಯಲ್ಲಿ ಇರುತ್ತದೆ. ಯಾರು ಮಾಡಿದ್ದು, ಎಷ್ಟು ಜನ, ಆಯಿತೋ ಇಲ್ಲವೋ, ಎಲ್ಲ ಕ್ರಿಯಾಪದದ ಬಾಲದಲ್ಲಿ. ದನಿ ಇಳಿಯುವುದೂ ಅಲ್ಲೇ. ‘ಅದು ನಾನು ಹೇಳಿದ್ದಲ್ಲ’ ಎಂದು ಯಾರಾದರೂ ಮೆಲ್ಲಗೆ ಮುಗಿಸಿದಾಗ ಗೇಟ್ ಅವಸರದಲ್ಲಿ ಮುಚ್ಚಿದರೆ ಕೊನೆಯ ‘ಲ್ಲ’ ನುಂಗಿಹೋಗುತ್ತದೆ. ಅರ್ಥ ತಲೆಕೆಳಗು. ‘ಹೋಗಿದ್ದೆವು’ ಎಂಬುದು ‘ಹೋಗಿದ್ದೆ’ ಆಗುತ್ತದೆ, ಗುಂಪು ಒಬ್ಬರಾಗುತ್ತದೆ. ಹಾಗಾಗಿ ಗೇಟ್ ಹಾಕುವುದಿದ್ದರೆ ಮುಚ್ಚುವ ಮೊದಲು ಕಾಯುವ ಸಮಯವನ್ನು ಜಾಸ್ತಿ ಇಡಿ, ಸೆಕೆಂಡಿನ ಕಾಲು ಭಾಗವಾದರೂ ಇರಲಿ. ಮುಚ್ಚುವುದೂ ನಿಧಾನವಾಗಲಿ. ಮತ್ತೆ ಪೂರ್ತಿ ಮುಚ್ಚಬೇಡಿ. 6 ಅಥವಾ 8 ಡೆಸಿಬೆಲ್ ಇಳಿದರೆ ಸಾಕು. ಹೀಗೆ ಅರ್ಧಂಬರ್ಧ ಮುಚ್ಚುವುದಕ್ಕೆ ಎಕ್ಸ್‌ಪ್ಯಾಂಡರ್ ಅಂತ ಬೇರೆ ಸಾಧನವೇ ಇದೆ, ಮಾತಿಗೆ ನನಗೆ ಗೇಟ್‌ಗಿಂತ ಅದೇ ಹಿಡಿಸುತ್ತದೆ.

ಈಗಿನವರು ಕೇಳುತ್ತಾರೆ, ‘ಎಐ ಇದೆಯಲ್ಲ, ಇದೆಲ್ಲ ಯಾಕೆ?’ ಇದೆ, ನಿಜಕ್ಕೂ ಚೆನ್ನಾಗಿದೆ. 2017ರ ಸುಮಾರಿಗೆ ಜಾನ್-ಮಾರ್ಕ್ ವ್ಯಾಲಿನ್ ಹೊರತಂದ ಆರ್‌ಎನ್‌ನಾಯ್ಸ್ ನನಗೆ ಇಂದಿಗೂ ಇಷ್ಟ. ಅವರು ಮಾತಿನ ಫೈಲನ್ನು ಚಿಕ್ಕದು ಮಾಡಲು ಬಳಸುವ ಸ್ಪೀಕ್ಸ್ ಮತ್ತು ಓಪಸ್‌ನಲ್ಲೂ ಕೈಯಾಡಿಸಿದವರು. ಸದ್ದನ್ನು 22 ಪಟ್ಟಿಗಳಾಗಿ ಮಾಡಿ, ಯಾವ ಪಟ್ಟಿಯನ್ನು ಎಷ್ಟು ಇಳಿಸಬೇಕು ಎನ್ನುವುದನ್ನು ಮಾತ್ರ ಒಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ ನಿರ್ಧರಿಸುತ್ತದೆ. ಅದು ಇಳಿಸಬಲ್ಲದು, ಏನನ್ನೂ ಹೊಸದಾಗಿ ಹುಟ್ಟಿಸಲಾರದು. ತಪ್ಪಿದರೂ ಮಾತು ಮಂಕಾಗಬಹುದು ಅಷ್ಟೆ. ಆಮೇಲೆ ಬಂದ ಕೆಲವು ಸಾಧನಗಳು ಹಾಗಲ್ಲ. ಹಾಳಾದ ಮಾತನ್ನು ಕೇಳಿ, ಸರಿಯಾದ ಮಾತು ಹೀಗಿದ್ದಿರಬೇಕು ಎಂದು ಹೊಸದಾಗಿ ಹುಟ್ಟಿಸಿಬಿಡುತ್ತವೆ. ಸ್ಟುಡಿಯೋದಲ್ಲಿ ಮಾತಾಡಿದಂತೆ ಇರುತ್ತದೆ. ಹಿಸ್‌ನಲ್ಲಿ ತೀರ ಮುಳುಗಿದ ಶಬ್ದಗಳಲ್ಲಿ ಅದು ಊಹೆ ಮಾಡುತ್ತದೆ, ಊಹೆ ತಪ್ಪಿದರೂ ಅಷ್ಟೇ ನಯವಾಗಿ ಹೇಳುತ್ತದೆ. ಯಾರೂ ಹೇಳದ ಅಕ್ಷರ ಬಂದು ಕೂರುತ್ತದೆ. ಜಾಹೀರಾತಿಗೆ ನಡೆಯಬಹುದು. ಒಬ್ಬರ ನೆನಪನ್ನು ಅವರ ಬಾಯಲ್ಲೇ ಹಿಡಿದಿಟ್ಟಿರುವ ಸಂದರ್ಶನಕ್ಕೆ ಇದನ್ನು ಹಾಕಲು ನನಗೆ ಮನಸ್ಸಿಲ್ಲ.

ಈಚೆಗೆ ನೆಂಟರೊಬ್ಬರು ಮನೆಯ ಹಿರಿಯರ ಮಾತಿನ ಹಳೆಯ ರೆಕಾರ್ಡಿಂಗ್ ಕಳಿಸಿದ್ದರು. ನಾನು ಎರಡು ಥರ ಮಾಡಿಕೊಟ್ಟೆ. ಒಂದರಲ್ಲಿ ಹಿಸ್ ಸ್ವಲ್ಪ ಉಳಿಸಿದ್ದೆ, ಉಸಿರೂ ಉಳಿದಿತ್ತು. ಇನ್ನೊಂದನ್ನು ಅವರು ಕೇಳಿದ್ದರು ಅಂತ ಚೆನ್ನಾಗಿ ತೊಳೆದಿದ್ದೆ. ಮನೆಯವರೆಲ್ಲ ತೊಳೆದದ್ದನ್ನೇ ಆರಿಸಿದರು. ಒಬ್ಬರೂ ಬೇರೆ ಮಾತಾಡಲಿಲ್ಲ. ನಾನು ಸ್ವಲ್ಪ ಪೆಚ್ಚಾದೆ ಅನ್ನಿ. ಆಮೇಲೆ ಅವರು ಕೇಳಿದ್ದು ಫೋನಿನ ಸ್ಪೀಕರ್‌ನಲ್ಲಿ ಎಂದು ಗೊತ್ತಾಯಿತು. ಆ ಪುಟ್ಟ ಸ್ಪೀಕರ್ ದನಿಯ ಕೆಳಭಾಗವನ್ನು ಬಿಟ್ಟುಬಿಡುತ್ತದೆ, ಮೇಲಿನ ಹಿಸ್ ಅನ್ನು ಮುಂದೆ ತರುತ್ತದೆ. ಮ್ಯೂಸಿಕಲ್ ನಾಯ್ಸ್‌ನಂಥ ಸಣ್ಣ ಮಿನುಗು ಸುತ್ತಲಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಅವರು ಕೇಳಿದ ಜಾಗದಲ್ಲಿ ಅವರ ಆಯ್ಕೆ ಸರಿ. ನಾನು ಹೆಡ್‌ಫೋನ್ ಹಾಕಿಕೊಂಡು ತೀರ್ಮಾನ ಮಾಡುವವನು, ಕೇಳುವವರು ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಇರುತ್ತಾರೆ. ಈಗ ಮುಗಿಸುವ ಮೊದಲು ಫೋನಿನಲ್ಲೂ ಒಮ್ಮೆ ಕೇಳುತ್ತೇನೆ. ಆದರೂ ಉಸಿರು ಉಳಿದ ಆ ಮೊದಲ ಫೈಲನ್ನೇ ಚೆನ್ನಾಗಿದೆ ಎನ್ನುತ್ತೇನೆ, ಈ ವಿಷಯದಲ್ಲಿ ನಾನು ಬದಲಾಗುವ ಹಾಗೆ ಕಾಣುವುದಿಲ್ಲ.

ಕೆಲಸದ ಕ್ರಮದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಸತ್ತುಹೋಗಿದ್ದ ಹಿಸ್ ಮತ್ತೆ ಎದ್ದು ಬರುವುದು ಇಲ್ಲೇ. ಕಂಪ್ರೆಸರ್ ಮಾಡುವ ಕೆಲಸ ಜೋರು ಮಾತನ್ನು ಇಳಿಸುವುದು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಏರಿಸುತ್ತೇವೆ. 10 ಡೆಸಿಬೆಲ್ ಏರಿಸಿದರೆ ಬಿಡುವಿನಲ್ಲಿದ್ದ ಹಿಸ್ ಕೂಡ 10 ಡೆಸಿಬೆಲ್ ಏರುತ್ತದೆ. ದನಿ ಚುರುಕಾಗಲಿ ಎಂದು ಈಕ್ವಲೈಜರ್‌ನಲ್ಲಿ ಮೇಲಿನ ಫ್ರೀಕ್ವೆನ್ಸಿಗಳನ್ನು ಎತ್ತಿದರೂ ಅದೇ. ಹಾಗಾಗಿ ಹಿಸ್ ಇಳಿಸುವುದು ಮೊದಲು, ಕಂಪ್ರೆಸರ್ ಆಮೇಲೆ, ಒಟ್ಟು ಜೋರು ಸರಿಮಾಡುವುದು ಕೊನೆಗೆ. ಹಿಸ್ ಎಷ್ಟು ಉಳಿದಿದೆ ಎಂದು ಅಳೆಯುವುದೂ ಕೊನೆಗೆ. ಆಡಿಯೋ ಪುಸ್ತಕಗಳಿಗೆ, ಅವನ್ನು ತಯಾರಿಸಿ ಮಾರಲು ಇರುವ ಎಸಿಎಕ್ಸ್ ಎಂಬ ತಾಣ ಇಟ್ಟಿರುವ ಮಟ್ಟ ಇದಕ್ಕೆ ಒಳ್ಳೆಯ ಅಂದಾಜು. ಓದಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ನಡುವೆ ಇರಬೇಕು, ಬಿಡುವಿನ ಸದ್ದು ಮೈನಸ್ 60ಕ್ಕಿಂತ ಮೇಲೆ ಇರಬಾರದು. ಸೊನ್ನೆಯಾಗಬೇಕು ಎಂದು ಅವರೂ ಕೇಳುವುದಿಲ್ಲ ನೋಡಿ. ಮೈನಸ್ 60 ಮುಟ್ಟಿದ ಮೇಲೆ ಇನ್ನೂ ತೊಳೆಯುವುದು ಬರೀ ಚಟ.

ಫೋನ್ ಕರೆಯ ರೆಕಾರ್ಡಿಂಗ್‌ಗಾದರೆ ಇನ್ನೂ ಸುಲಭದ ದಾರಿ ಇದೆ. ಹಳೆಯ ಫೋನ್ ಲೈನಿನಲ್ಲಿ ಮಾತು 300ರಿಂದ 3,400 ಹರ್ಟ್ಸ್ ನಡುವೆಯೇ ಬರುವುದು. ಸ್ಪೆಕ್ಟ್ರೋಗ್ರಾಮ್ ನೋಡಿದರೆ ಮಾತು ಎಲ್ಲಿ ನಿಲ್ಲುತ್ತದೆ ಎಂದು ಗೆರೆ ಎಳೆದಂತೆ ಕಾಣುತ್ತದೆ. ಅದರ ಮೇಲಿರುವುದೆಲ್ಲ ಆಮೇಲೆ ಸೇರಿದ ಹಿಸ್. ಅಲ್ಲಿಂದ ಮೇಲೆ ಕತ್ತರಿಸಿ ಹಾಕಿ, ಯಾವ ಅಕ್ಷರಕ್ಕೂ ನೋವಾಗುವುದಿಲ್ಲ. ಹಳೆಯ ಕ್ಯಾಸೆಟ್‌ಗಳಲ್ಲೂ ಇಂಥ ಗೆರೆ ಕಾಣುತ್ತದೆ, ಸ್ವಲ್ಪ ಎತ್ತರದಲ್ಲಿ.

ಹಿಸ್ ಉಳಿಸುವುದಾದರೆ ಎಂಪಿ3 ಮಾಡುವಾಗ ಜಿಪುಣತನ ಬೇಡ. ಗೊತ್ತುಗುರಿಯಿಲ್ಲದ ಸದ್ದನ್ನು ಕಡಿಮೆ ಬಿಟ್‌ಗಳಲ್ಲಿ ಬರೆಯುವುದು ಎಂಪಿ3ಗೆ ಕಷ್ಟ. ಬಿಟ್‌ರೇಟ್ ತೀರ ಇಳಿಸಿದರೆ ಉಳಿಸಿದ್ದ ಹಿಸ್ ನೀರಿನ ಸದ್ದಾಗಿ ತಿರುಗುತ್ತದೆ, ತೊಳೆದು ಹಾಳುಮಾಡಿದಂತೆಯೇ ಕೇಳುತ್ತದೆ. ಒಬ್ಬರೇ ಮಾತಾಡುವ ಫೈಲನ್ನು ಸ್ಟೀರಿಯೋದಲ್ಲಿ ಇಡುವ ಅಗತ್ಯವಿಲ್ಲ. ಮೋನೋ ಮಾಡಿ. ಅಷ್ಟೂ ಬಿಟ್‌ಗಳು ಒಂದೇ ಚಾನಲ್‌ಗೆ ಸಿಗುತ್ತವೆ.

ತೊಳೆಯದ ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕೊಟ್ಟಿರುವ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕಾಪಿಡುವ ಪ್ರತಿಯಲ್ಲಿ ಹಿಸ್ ತೆಗೆಯುವಂಥ ಯಾವ ಸುಧಾರಣೆಯನ್ನೂ ಮಾಡಬಾರದು. ಅದು 24 ಬಿಟ್‌ನಲ್ಲಿರಲಿ, ಕನಿಷ್ಠ 48,000 ಹರ್ಟ್ಸ್‌ನಲ್ಲಿರಲಿ. ತೊಳೆದದ್ದೇನಿದ್ದರೂ ಹಂಚುವ ಪ್ರತಿ. ನಾನು ಮೂಲ ಫೈಲಿನ ಹೆಸರಿಗೆ ‘ತೊಳೆಯದ್ದು’ ಎಂದು ಸೇರಿಸಿ, ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲ್ ಇಡುತ್ತೇನೆ. ಯಾವ ಮೈಕು, ಎಷ್ಟು ದೂರ, ಯಾವ ಸಾಧನದಿಂದ ಎಷ್ಟು ಡೆಸಿಬೆಲ್ ಇಳಿಸಿದ್ದು, ಇಷ್ಟು ಬರೆದಿದ್ದರೆ ಸಾಕು. ಇದಕ್ಕಿಂತ ಒಳ್ಳೆಯ ಸಾಧನ ಬಂದಾಗ ಯಾರಾದರೂ ಮೊದಲಿನಿಂದ ಶುರುಮಾಡಬಹುದು.